ಟರ್ಮಿನಲ್ ಲಾಗ್‌ನ ಕಸ ತೆಗೆದದ್ದು ಹೀಗೆ

ಕಾಸರಗೋಡಿನ ನಮ್ಮ ಆಫೀಸಿನಲ್ಲಿ ಸರ್ವರ್ ಕೆಲಸವನ್ನೆಲ್ಲ, ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಪರದೆಯಲ್ಲಿ) ಬಂದದ್ದನ್ನು ಫೈಲಿಗೆ ಬರೆದಿಡುವ ‘ಸ್ಕ್ರಿಪ್ಟ್’ ಕಮಾಂಡ್ ಹಾಕಿ ದಾಖಲಿಸುತ್ತೇವೆ. ಕುಂಬಳೆಯ ಗೆಳೆಯನಿಗೆ ಫೈಲ್ ಕಳಿಸಿದೆ. “ಎಲ್ಲಿ ನೋಡಿದರೂ [31ಎಂ, [0ಎಂ. ಓದ್ಲಿಕ್ಕೇ ಆಗ್ತಾ ಇಲ್ಲ ಮಾರಾಯಾ” ಅಂದ.

ಫೈಲ್ ಕೆಟ್ಟಿರಲಿಲ್ಲ. ಬಣ್ಣ ಬದಲಿಸು, ಕರ್ಸರ್ ಸರಿಸು ಎಂದು ಟರ್ಮಿನಲ್‌ಗೆ ಹೋಗುವ ಆದೇಶಗಳನ್ನೂ ಸ್ಕ್ರಿಪ್ಟ್ ಹಾಗೇ ಬರೆದಿಡುತ್ತದೆ. ಬಣ್ಣದ ಆದೇಶ ಶುರುವಾಗುವುದು ಎಸ್ಕೇಪ್‌ನಿಂದ, ಅಂದರೆ ಆಸ್ಕಿ ಎಂಬ ಅಕ್ಷರ-ಸಂಕೇತ ಪಟ್ಟಿಯ 27ರಿಂದ. ಅದರ ನಂತರ ಚೌಕ ಕಂಸ, ಅಂಕಿಗಳು, ಕೊನೆಗೊಂದು ಅಕ್ಷರ. ಈ ಮಾದರಿಯನ್ನು, ಪಠ್ಯ ಹುಡುಕಿ ಬದಲಿಸುವ ‘ಸೆಡ್’ ಕಮಾಂಡ್‌ನಿಂದ ಅಳಿಸಿದೆ.

ಟೈಪ್ ಮಾಡಿ ಅಳಿಸಿದ ಅಕ್ಷರಗಳು ಆಮೇಲೂ ಉಳಿದವು, ಬ್ಯಾಕ್‌ಸ್ಪೇಸ್ ಗುರುತಿನ ಜೊತೆಗೇ. ಅದಕ್ಕೆ ‘ಕಾಲ್’ (col) ಕಮಾಂಡ್‌ನ ಬಿ ಆಯ್ಕೆ (-b) ಚೆನ್ನಾಗಿದೆ. ಆದರೆ ಸೆಡ್ ಮೊದಲು, ಕಾಲ್ ಆಮೇಲೆ. ಉಲ್ಟಾ ಮಾಡಿದರೆ ಎಸ್ಕೇಪ್ ಮಾಯವಾಗಿ ಅಂಕಿಗಳು ಉಳಿಯುತ್ತವೆ, ಸೆಡ್‌ಗೆ ಗುರುತೇ ಸಿಗುವುದಿಲ್ಲ. ಕನ್ನಡ ಫೈಲ್ ಹೆಸರುಗಳಿದ್ದರೆ ಲೊಕೇಲ್ (ಭಾಷೆ, ಅಕ್ಷರಗಳ ಸೆಟ್ಟಿಂಗ್) ಕನ್ನಡವನ್ನೂ ಹಿಡಿಸುವ ಯುಟಿಎಫ್-8 ಸಂಕೇತದಲ್ಲಿ ಇರಲೇಬೇಕು.

ಮೂಲ ಲಾಗ್ ಮಾತ್ರ ಅಳಿಸಬೇಡಿ. ಯಾವುದು ಯಾವಾಗ ಬಂತೆಂದು ಸ್ಕ್ರಿಪ್ಟ್ ಬರೆದಿಟ್ಟ ಸಮಯದ ಫೈಲೂ ಇದ್ದರೆ ‘ಸ್ಕ್ರಿಪ್ಟ್‌ರಿಪ್ಲೇ’ಯಲ್ಲಿ ಇಡೀ ಕೆಲಸ ಮತ್ತೆ ನೋಡಬಹುದು.