ಟೆರೇಸಿನ ಸ್ಟ್ರಾಬೆರಿ: ಹತ್ತು ಕುಂಡ ಸಾವಯವ, ಹತ್ತು ಕುಂಡ ರಾಸಾಯನಿಕ

ಪುಣೆಯ ಸಿಂಹಗಡ ರಸ್ತೆಯ ನಮ್ಮ ಟೆರೇಸಿನಲ್ಲಿ ಹೋದ ಚಳಿಗಾಲ ಇಪ್ಪತ್ತು ಕುಂಡ ಸ್ಟ್ರಾಬೆರಿ ಹಾಕಿದ್ದೆ. ಹತ್ತಕ್ಕೆ ಎರೆಗೊಬ್ಬರ, ಬೇವಿನ ಹಿಂಡಿ. ಇನ್ನು ಹತ್ತಕ್ಕೆ ಅಂಗಡಿಯ 19:19:19, ಅಂದರೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವ, ನೀರಿನಲ್ಲಿ ಕರಗುವ ರಾಸಾಯನಿಕ ಗೊಬ್ಬರ. ಕೆಳಗಿನ ಮನೆಯ ವಿಜಯಪುರದ ಹುಡುಗಿ ನೋಡಿ ಕೇಳಿದಳು, "ಅಕ್ಕಾ, ಸಾವಯವ ಅಂದ್ರ ಗೊಬ್ಬರ ಬದಲಿ ಮಾಡೋದು ಅಷ್ಟೇ ಏನ್ರೀ?" ಅಷ್ಟೇ ಅಲ್ಲ. ಈ ವರ್ಷ ಅವಳೂ ಹಾಕುತ್ತಾಳಂತೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಸಸಿ ತರುವ ಕಾಲ ಅಕ್ಟೋಬರ್. ಮಹಾಬಳೇಶ್ವರ, ಪಂಚಗಣಿ ರೈತರು ಮಳೆ ಇಳಿದ ಮೇಲೆಯೇ ನೆಡುತ್ತಾರೆ. ತಳಿಗಳಲ್ಲಿ ವಿಂಟರ್ ಡಾನ್ ಬೇಗ ಹಣ್ಣು ಬಿಡುತ್ತದೆ, ಸ್ವೀಟ್ ಚಾರ್ಲಿ ಸಿಹಿ ಜಾಸ್ತಿ. ಎಲೆಗಳು ಹೊರಡುವ ಮೊಂಡು ಕಾಂಡಕ್ಕೆ ಕ್ರೌನ್ ಅನ್ನುತ್ತಾರೆ. ಅದು ಗಟ್ಟಿಯಾಗಿರಬೇಕು. ಒತ್ತಿದರೆ ಮೆತ್ತಗಾದ ಸಸಿ ಬೇಡವೇ ಬೇಡ.

ಎಂಟು ಇಂಚಿನ ಕುಂಡಕ್ಕೆ ಒಂದೇ ಗಿಡ. ಎರಡು ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಕೊಕೊಪೀಟನ್ನು ಮೊದಲು ಎರಡು ಮೂರು ನೀರಿನಲ್ಲಿ ತೊಳೆಯಿರಿ, ಅದರಲ್ಲಿ ಉಪ್ಪಿರುತ್ತದೆ. ಸ್ಟ್ರಾಬೆರಿಗೆ ಉಪ್ಪು ಆಗುವುದೇ ಇಲ್ಲ. ಬೂದಿಯೂ ಬೇಡ. ಈ ಗಿಡಕ್ಕೆ ಸ್ವಲ್ಪ ಹುಳಿ ಮಣ್ಣು ಬೇಕು, ಪಿಎಚ್ 5.5ರಿಂದ 6.5. ಬೂದಿ ಅದನ್ನು ಕೆಡಿಸುತ್ತದೆ. ನೆಡುವಾಗ ಕ್ರೌನ್ ಮಣ್ಣಿನ ಮಟ್ಟಕ್ಕೇ ಇರಲಿ. ಹೂತರೆ ಕೊಳೆಯುತ್ತದೆ, ಮೇಲೆ ಬಿಟ್ಟರೆ ಒಣಗುತ್ತದೆ.

ಮೊದಲ ಹೂಗಳನ್ನು ಚಿವುಟಿ. ಮನಸ್ಸು ಬರುವುದಿಲ್ಲ, ಆದರೂ ಚಿವುಟಿ. ಉದ್ದಕ್ಕೆ ಹರಿಯುವ ಬಳ್ಳಿಯನ್ನೂ ಕತ್ತರಿಸಿ. ಗಿಡ ಮೊದಲು ಬೇರು ಬಿಡಲಿ.

ರಾಸಾಯನಿಕ ಕುಂಡಗಳು ಬೇಗ ಚಿಗುರಿದವು, ಜನವರಿಯವರೆಗೆ ಹಣ್ಣೂ ಅಲ್ಲೇ ಜಾಸ್ತಿ. ಅದನ್ನು ಮುಚ್ಚಿಡುವುದು ಸರಿಯಲ್ಲ. 19:19:19 ಲೀಟರ್ ನೀರಿಗೆ ಒಂದು ಗ್ರಾಂ ಸಾಕು. ನಾನು ಒಮ್ಮೆ ಐದು ಗ್ರಾಂ ಹಾಕಿದೆ, ವಾರದೊಳಗೆ ಎಲೆಯ ಅಂಚು ಸುಟ್ಟ ಹಾಗೆ ಕಂದಾಯಿತು. ಎರೆಗೊಬ್ಬರ ಹಾಗೆ ಸುಡುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಒಂದು ಹಿಡಿ ಹಾಕಿದರೆ ನಿಧಾನವಾಗಿ ಕೆಲಸ ಮಾಡುತ್ತದೆ.

ನಿಜವಾದ ವ್ಯತ್ಯಾಸ ಕಂಡದ್ದು ಹುಳದ ವಿಷಯದಲ್ಲಿ. ಜನವರಿಯಲ್ಲಿ ಎರಡೂ ಕಡೆ ಗಿಡಹೇನು ಬಂತು. ರಾಸಾಯನಿಕದ ಹತ್ತಕ್ಕೆ ಅಂಗಡಿಯವರು ಕೊಟ್ಟ ಕೀಟನಾಶಕ ಹೊಡೆದೆ. ಎರಡೇ ದಿನದಲ್ಲಿ ಹೇನು ಮಾಯ. ಖುಷಿಯಾಯಿತು. ಆದರೆ ಫೆಬ್ರುವರಿಯ ಒಣ ಬಿಸಿಲು ಶುರುವಾದಾಗ ಅದೇ ಹತ್ತರಲ್ಲಿ ನುಸಿ (ಎಲೆಯ ರಸ ಹೀರುವ ಮೈಟ್) ತುಂಬಿಕೊಂಡಿತು. ಎಲೆ ಮಂಕಾಗಿ, ಅಡಿಯಲ್ಲಿ ಸಣ್ಣ ಬಲೆ. ಎಲ್ಲ ಹುಳವನ್ನೂ ಕೊಲ್ಲುವ ಔಷಧಿ ನುಸಿಯನ್ನು ತಿನ್ನುವ ಹುಳಗಳನ್ನೂ ಕೊಲ್ಲುತ್ತದೆ. ನುಸಿಯ ಸಂತಾನ ಮಾತ್ರ ಬಹಳ ಬೇಗ ಹೆಚ್ಚುತ್ತದೆ, ಔಷಧಿಗೂ ಬೇಗ ಒಗ್ಗಿಕೊಳ್ಳುತ್ತದೆ. ಸಾವಯವದ ಹತ್ತರಲ್ಲಿ ಗುಲಗಂಜಿ ಹುಳ ಇದ್ದವು. ಅಲ್ಲೂ ನುಸಿ ಬಂತು, ಆದರೆ ಕೈಮೀರಲಿಲ್ಲ.

ಅದಕ್ಕೇ ಹೇಳುವುದು, ಸಾವಯವ ಅಂದರೆ ದಿನಾ ಎಲೆ ತಿರುಗಿಸಿ ನೋಡುವ ಕೆಲಸ. ನುಸಿ ಕಂಡರೆ ಬೆಳಿಗ್ಗೆ ಎಲೆಯ ಅಡಿಗೆ ಜೋರಾಗಿ ನೀರು ಚಿಮುಕಿಸಿ. ಸಂಜೆಯೊಳಗೆ ಎಲೆ ಒಣಗಿರಬೇಕು. ಹೆಚ್ಚಾದರೆ ಲೀಟರ್ ನೀರಿಗೆ ಐದು ಎಂಎಲ್ ಬೇವಿನೆಣ್ಣೆ, ಬೆರೆಯಲು ನಾಲ್ಕು ಹನಿ ಸೋಪಿನ ನೀರು. ಬಿಸಿಲಿಳಿದ ಮೇಲೆಯೇ ಹೊಡೆಯಿರಿ. ತೆರೆದ ಹೂವಿಗೆ ತಾಗಿಸಬೇಡಿ, ಜೇನು ಬರಬೇಕಲ್ವಾ? ಜೇನು ಬಾರದಿದ್ದರೆ ಮೆತ್ತನೆಯ ಬ್ರಷ್ಷಿನಿಂದ ಹೂವನ್ನು ಸುತ್ತಲೂ ಸವರಿ. ಪರಾಗ ಸರಿಯಾಗಿ ಸೇರದಿದ್ದರೆ ಹಣ್ಣು ಸೊಟ್ಟಗಾಗುತ್ತದೆ.

ಬೂದು ಬೂಷ್ಟಿಗೆ ಔಷಧಿಗಿಂತ ಗಾಳಿ ಮುಖ್ಯ. ಕುಂಡಗಳ ನಡುವೆ ಒಂದಡಿ ಬಿಡಿ. ಹಣ್ಣಿನ ಕೆಳಗೆ ಒಣ ಹುಲ್ಲು ಹಾಸಿ. ನೀರು ಬುಡಕ್ಕೆ ಮಾತ್ರ. ಬೂಷ್ಟು ಹಿಡಿದ ಹಣ್ಣನ್ನು ಆಗಲೇ ಕಿತ್ತು ದೂರ ಹಾಕಿ.

ಮನೆಗಾದರೆ ಸಾವಯವವೇ ಸರಿ ಅನ್ನುತ್ತೇನೆ. ಕಿತ್ತು ನೇರ ಬಾಯಿಗೆ ಹಾಕುವ ಹಣ್ಣು, ಸಿಪ್ಪೆ ಸುಲಿಯುವಂಥದ್ದಲ್ಲ. ಆದರೆ ಎಕರೆಗಟ್ಟಲೆ ಬೆಳೆಯುವ ರೈತನ ಸ್ಥಿತಿ ಬೇರೆ. ಸಾವಯವ ಪ್ರಮಾಣಪತ್ರ ಬೇಕೆಂದರೆ ಸಾಮಾನ್ಯವಾಗಿ ಎರಡು ವರ್ಷವಾದರೂ ಹೊಲವನ್ನು ಆ ಕ್ರಮದಲ್ಲಿ ನಡೆಸಬೇಕು. ಆ ದಿನಗಳಲ್ಲಿ ಇಳುವರಿ ಕಡಿಮೆಯಾದರೆ ಆ ನಷ್ಟ ಅವನದೇ. ಹಾಗಾಗಿ ಪಂಚಗಣಿ ರಸ್ತೆಯಲ್ಲಿ ಹಣ್ಣು ಕೊಳ್ಳುವಾಗ "ಆರ್ಗ್ಯಾನಿಕ್ಕಾ?" ಎಂದು ಸುಮ್ನೆ ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. "ಔಷಧಿ ಹೊಡೆದು ಎಷ್ಟು ದಿನ ಆಯ್ತು?" ಎಂದು ಕೇಳಿ. ಪ್ರತಿ ಔಷಧಿಗೂ ಕೊಯ್ಲಿಗೆ ಮೊದಲು ಇಷ್ಟು ದಿನ ಬಿಡಬೇಕು ಎಂದಿರುತ್ತದೆ, ಒಳ್ಳೆಯ ರೈತನಿಗೆ ಆ ಲೆಕ್ಕ ಬಾಯಲ್ಲೇ ಇರುತ್ತದೆ.

ಕುಂಡದ ಹಣ್ಣನ್ನು ಪೂರ್ತಿ ಕೆಂಪಾದ ಮೇಲೆ ಬೆಳಿಗ್ಗೆ ತೊಟ್ಟು ಸಮೇತ ಕತ್ತರಿಸಿ. ಕಿತ್ತ ಮೇಲೆ ಅದು ಇನ್ನಷ್ಟು ಸಿಹಿಯಾಗುವುದಿಲ್ಲ. ತಿನ್ನುವ ಹೊತ್ತಿಗಷ್ಟೇ ತೊಳೆಯಿರಿ, ತೊಟ್ಟು ಆಮೇಲೆ ತೆಗೆಯಿರಿ.