ಅಸ್ಟ್ರೋಬೀ ರೋಬೋನ ಮನೆ ಲ್ಯಾಪ್‌ಟಾಪಲ್ಲಿ ಹಾರಿಸಿದ ನನ್ನ ಅನುಭವ

ಇಂಟರ್‌ನ್ಯಾಷನಲ್ ಸ್ಪೇಸ್ ಸ್ಟೇಷನ್ ಒಳಗೆ ತೇಲ್ಕೊಂಡು ಕೆಲಸ ಮಾಡೋ ಮೂರು ಅಸ್ಟ್ರೋಬೀ ರೋಬೋಗಳಿವೆ, ಹನಿ, ಬಂಬಲ್, ಕ್ವೀನ್ ಅಂತ ಹೆಸರು, ನಾಸಾದ ಏಮ್ಸ್ ಸಂಶೋಧನಾ ಕೇಂದ್ರದವರು ಮಾಡಿದ್ದು, 2019ರಲ್ಲಿ ಮೇಲೆ ಹೋದ್ವು. ನಂಗೆ ತುಂಬಾ ಖುಷಿ ಕೊಟ್ಟ ವಿಷ್ಯ ಏನಂದ್ರೆ ಅದರ ಸಾಫ್ಟ್‌ವೇರು, ಕಂಪ್ಯೂಟರಲ್ಲೇ ರೋಬೋನ ಓಡಿಸಿ ನೋಡೋ ಸಿಮ್ಯುಲೇಟರ್ ಸಮೇತ, ಓಪನ್ ಸೋರ್ಸ್, ಅಂದ್ರೆ ಯಾರು ಬೇಕಾದ್ರೂ ಕೋಡ್ ತಗೊಂಡು ಬಳಸಬಹುದು.

ಲ್ಯಾಪ್‌ಟಾಪಿಗೆ ಉಬುಂಟು 20.04 (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಹಾಕಿ ಅದರ ಮೇಲೆ ರಾಸ್ ನೊಯೆಟಿಕ್ (ರೋಬೋ ಪ್ರೋಗ್ರಾಮ್‌ಗಳಿಗೆ ಬಳಸೋ ಸಾಫ್ಟ್‌ವೇರ್) ಹಾಕ್ದೆ. ಅಸ್ಟ್ರೋಬೀ ಕೋಡ್ ಬಿಲ್ಡ್ ಆಗೋಕೆ, ಅಂದ್ರೆ ಓಡೋ ಪ್ರೋಗ್ರಾಮ್ ಆಗೋಕೆ, ಟೈಮ್ ಹಿಡಿಯುತ್ತೆ, ರ್‍ಯಾಮ್ ಕಮ್ಮಿ ಇದ್ರೆ ಒಟ್ಟಿಗೆ ಓಡೋ ಬಿಲ್ಡ್ ಕೆಲಸಗಳನ್ನ ಕಮ್ಮಿ ಮಾಡ್ಕೊಳಿ, ಅಷ್ಟೇ.

ಸಿಮ್ಯುಲೇಟರಿನ 3ಡಿ ದೃಶ್ಯ ತೋರಿಸೋ ಗಝೀಬೋ ಓಪನ್ ಆದ್ರೆ ಸ್ಟೇಷನ್ನಿನ ಭಾಗವಾದ ಜಪಾನಿನ ಕಿಬೋ ಮಾಡ್ಯೂಲ್ ಒಳಗೆ ರೋಬೋ ಡಾಕ್ (ಚಾರ್ಜ್ ಆಗೋ ಸ್ಟ್ಯಾಂಡ್) ಮೇಲೆ ಕೂತಿರುತ್ತೆ. ಮೊದ್ಲು ಅನ್‌ಡಾಕ್ ಕಮಾಂಡ್, ಆಮೇಲೆ ಎಕ್ಸ್, ವೈ, ಝಡ್ ಕೊಟ್ಟು ಮೂವ್ ಅನ್ನಬೇಕು. ಇಲ್ಲಿ ಝಡ್ ಜಾಸ್ತಿ ಮಾಡಿದ್ರೆ ರೋಬೋ ಭೂಮಿ ಕಡೆಗೆ ಹೋಗುತ್ತೆ, ಮೇಲಕ್ಕಲ್ಲ, ಇದನ್ನ ತಲೇಲಿ ಇಟ್ಕೊಳ್ಳಿ. ಹೇಳಿದ ತಕ್ಷಣ ಹೊರಡಲ್ಲ ಅದು, ಮೊದ್ಲು ಹೋಗೋ ದಿಕ್ಕಿಗೆ ಮುಖ ತಿರುಗಿಸುತ್ತೆ, ಯಾಕಂದ್ರೆ ಅಡ್ಡ ಏನಾದ್ರೂ ಇದ್ಯಾ ನೋಡೋ ಕ್ಯಾಮೆರಾ ಮುಂದ್ಗಡೆ ಇರೋದು. ಆಮೇಲೆ ಸ್ಪೀಡ್ ತಗೊಂಡು ಸಮ ವೇಗದಲ್ಲಿ ತೇಲಿ, ಜಾಗ ಹತ್ರ ಬರ್ತಿದ್ದಂಗೆ ಉಲ್ಟಾ ಗಾಳಿ ಊದಿ ನಿಲ್ಲುತ್ತೆ. ಫ್ಯಾನ್ ಎಳ್ಕೊಂಡ ಗಾಳಿನ 12 ನಾಝಲ್‌ಗಳಲ್ಲಿ ಬೇಕಾದ್ದನ್ನ ತೆರೆದು ಬಿಡೋದು, ಚಕ್ರವೂ ಇಲ್ಲ ಬ್ರೇಕೂ ಇಲ್ಲ.

ಆದ್ರೆ ಚಲಿಸೋದು ಕಷ್ಟದ ಭಾಗ ಅಲ್ಲ ಅಂತ ಇದ್ರ ಜೊತೆ ಕೂತಮೇಲೇ ನಂಗೆ ಅರ್ಥ ಆಗಿದ್ದು, ತಾನು ಎಲ್ಲಿದೀನಿ ಅಂತ ರೋಬೋಗೆ ಗೊತ್ತಾಗೋದೇ ಕಷ್ಟ. ನಮ್ಮ ಡ್ರೋನಿಗೆ ಜಿಪಿಎಸ್ ಸಿಗುತ್ತೆ, ಕೆಳಗೆ ಯಾವುದು ಅಂತ ಆಕ್ಸಿಲರೋಮೀಟರ್ ಅನ್ನೋ ಸೆನ್ಸರ್ ಹೇಳುತ್ತೆ, ಸ್ಟೇಷನ್ ಒಳಗೆ ಈ ಎರಡೂ ಸಹಾಯ ಸಿಗಲ್ಲ. ಕ್ಯಾಮೆರಾದಲ್ಲಿ ಕಾಣೋ ಗೋಡೆ, ಸ್ವಿಚ್ಚು, ಕೇಬಲ್ಲಿನ ಗುರುತುಗಳನ್ನ ಮೊದಲೇ ಮಾಡಿಟ್ಟ ಮ್ಯಾಪ್ ಜೊತೆ ತಾಳೆ ನೋಡ್ಬೇಕು. ಗಗನಯಾತ್ರಿಗಳು ಸಾಮಾನಿನ ಬ್ಯಾಗ್ ಆ ಕಡೆ ಈ ಕಡೆ ಸರಿಸಿದ್ರೆ ಹಳೇ ಮ್ಯಾಪ್ ಆ ಜಾಗದಲ್ಲಿ ಹೊಂದಲ್ಲ, ಬೆಳಕು ಬದಲಾದ್ರೂ ತೊಂದ್ರೆನೇ. ಮನುಷ್ಯರು ದಿನಾ ಬದುಕೋ ಜಾಗದಲ್ಲಿ ಸಹಾಯಕ್ಕೆ ಬರೋ ರೋಬೋಗೆ ಇದು ತಪ್ಪಿದ್ದಲ್ಲ, ರಿಸರ್ಚ್ ಮಾಡೋರು ಹೆಚ್ಚು ಕೆಲಸ ಮಾಡ್ಬೇಕಿರೋದು ಇಲ್ಲೇ ಅಂತ ನನ್ನ ಗಟ್ಟಿ ಅಭಿಪ್ರಾಯ.

ನಮ್ಮಲ್ಲೂ ಬಾಹ್ಯಾಕಾಶದಲ್ಲಿ ರೋಬೋ ಬಳಸೋದು ಶುರುವಾಗಿದೆ, 2024ರ ಡಿಸೆಂಬರಲ್ಲಿ ಪೊಯಮ್-4 (ಪಿಎಸ್ಎಲ್‌ವಿ ರಾಕೆಟ್ಟಿನ ಕೊನೇ ಹಂತವನ್ನೇ ಕಕ್ಷೆಯಲ್ಲಿ ಪ್ರಯೋಗಕ್ಕೆ ಬಳಸೋ ವೇದಿಕೆ) ಮೇಲೆ ಇಸ್ರೋ ನಡೆದಾಡೋ ರೋಬೋ ತೋಳು ಕಳಿಸ್ತು. ಇಂಜಿನಿಯರಿಂಗ್ ಓದ್ತಿರೋರು ಫೈನಲ್ ಇಯರ್ ಪ್ರಾಜೆಕ್ಟಿಗೆ ಈ ಸಿಮ್ಯುಲೇಟರ್ ತಗೊಳ್ಳಿ, ಮೊದ್ಲು ಮೂವ್ ಕಮಾಂಡ್ ಕಲೀರಿ, ಆಮೇಲೆ ನೇರ ಲೋಕಲೈಸೇಶನ್ (ತಾನು ಎಲ್ಲಿದೀನಿ ಅಂತ ರೋಬೋ ಕಂಡ್ಕೊಳ್ಳೋ) ಕೋಡಿಗೆ ಕೈ ಹಾಕಿ.