‘ಮ್ಯಾಚ್ಡ್ ಪೇರ್’ ವಾಲ್ವ್ ಕೊಳ್ಳುವ ಮುನ್ನ

ಆಡಿಯೊ ಆಂಪ್ಲಿಫೈಯರಿನ ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಪೆಟ್ಟಿಗೆಯ ಮೇಲೆ ಪರೀಕ್ಷಾ ಯಂತ್ರದ ಅಂಕಿಯೆಂದು ಪೆನ್ನಿನಲ್ಲಿ ‘72/74’ ಬರೆದು, ಪಕ್ಕದಲ್ಲಿ ‘ಮ್ಯಾಚ್ಡ್ ಪೇರ್’ (ಸರಿಸಮ ಅಳತೆಯ ಜೋಡಿ) ಎಂಬ ಚೀಟಿ ಅಂಟಿಸಿದ್ದರೆ ಹಣ ಕೊಡುವ ಮೊದಲು ನಾನು ಕೇಳುವುದು ಇಷ್ಟು: ವಾಲ್ವಿನೊಳಗಿನ ಆನೋಡಿಗೆ (ಎಲೆಕ್ಟ್ರಾನುಗಳು ಬಂದು ಸೇರುವ ತಗಡು), ಸ್ಕ್ರೀನಿಗೆ (ಅವನ್ನು ಸೆಳೆಯುವ ಜಾಲರಿ), ಗ್ರಿಡ್ಡಿಗೆ (ಹರಿವನ್ನು ಹಿಡಿತದಲ್ಲಿಡುವ ಜಾಲರಿ) ಎಷ್ಟೆಷ್ಟು ವೋಲ್ಟ್ ಕೊಟ್ಟು ಅಳೆದಿರಿ? ಬಂದ ಅಂಕಿ ಮಿಲಿಆಂಪಿಯರೋ, ಯಂತ್ರದ ಮುಳ್ಳು ನಿಂತ ಗೆರೆಯೋ? ಇದಕ್ಕೆ ಉತ್ತರ ಬಾರದಿದ್ದರೆ ಆ ಜೋಡಿಗೆ ಎರಡು ಬಿಡಿ ವಾಲ್ವುಗಳ ಬೆಲೆಗಿಂತ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ.

ಸ್ಪೀಕರಿಗೆ ಶಕ್ತಿ ಕೊಡುವ ಔಟ್‌ಪುಟ್ ವಾಲ್ವ್ ಇಎಲ್34 ಅನ್ನೇ ನೋಡಿ. ಅದರ ಮೂಲ ಮಾಹಿತಿ ಹಾಳೆಯಂತೆ ಆನೋಡಿಗೆ 250, ಸ್ಕ್ರೀನಿಗೆ 265, ಗ್ರಿಡ್ಡಿಗೆ ಮೈನಸ್ 13.5 ವೋಲ್ಟ್ ಕೊಟ್ಟಾಗ 100 ಮಿಲಿಆಂಪಿಯರ್ ಹರಿಯಬೇಕು. ಲೆಕ್ಕ ಹಾಕಿದರೆ 25 ವ್ಯಾಟ್. ಆ ಆನೋಡ್ ತಾಳುವ ಗರಿಷ್ಠ ಶಾಖವೂ ಅಷ್ಟೇ. ಸಣ್ಣ ಪರೀಕ್ಷಾ ಯಂತ್ರಗಳಿಗೆ ಇಷ್ಟು ಕರೆಂಟ್ ಕೊಡುವ ಶಕ್ತಿಯಿಲ್ಲ, ಹಾಗಾಗಿ ಕಡಿಮೆ ವೋಲ್ಟಿನಲ್ಲಿ ಅಳೆಯುತ್ತವೆ. ನಿಮ್ಮ ಆಂಪ್ಲಿಫೈಯರ್‌ನಲ್ಲಿ ಅದೇ ವಾಲ್ವ್ 400 ವೋಲ್ಟ್ ಮೀರಿದ ಕಡೆ ದುಡಿಯಬೇಕು. ಅಲ್ಲಿ ಸರಿಸಮ ಕಂಡ ಎರಡು ಇಲ್ಲಿ ಬೇರೆ ಬೇರೆ ದಾರಿ ಹಿಡಿಯಬಹುದು.

ಎಮಿಶನ್ ಟೆಸ್ಟರ್‌ನ (ಕಾದ ಕ್ಯಾಥೋಡ್ ಎಷ್ಟು ಎಲೆಕ್ಟ್ರಾನ್ ಹೊಮ್ಮಿಸುತ್ತದೆ ಎಂದಷ್ಟೇ ನೋಡುವ ಯಂತ್ರ) ಅಂಕಿಯನ್ನು ನಾನಂತೂ ಜೋಡಿಗೆ ಆಧಾರವೆಂದು ಒಪ್ಪುವುದಿಲ್ಲ. ಅದು ಗ್ರಿಡ್ಡುಗಳನ್ನೆಲ್ಲ ಆನೋಡಿಗೆ ಸೇರಿಸಿ ವಾಲ್ವನ್ನು ಬರೀ ಡಯೋಡಿನಂತೆ ನೋಡುತ್ತದೆ; ಗ್ರಿಡ್ ತನ್ನ ಕೆಲಸ ಮಾಡುತ್ತದೆಯೇ ಎಂಬುದು ಅದಕ್ಕೆ ಗೊತ್ತಾಗುವುದೇ ಇಲ್ಲ. ಅಮೆರಿಕದ ಸೇನೆಗಾಗಿ ತಯಾರಾದ ಟಿವಿ-7 ಟೆಸ್ಟರ್ ಟ್ರಾನ್ಸ್‌ಕಂಡಕ್ಟನ್ಸ್ (ಗ್ರಿಡ್ ವೋಲ್ಟೇಜ್ ಬದಲಾದಂತೆ ಆನೋಡ್ ಕರೆಂಟ್ ಎಷ್ಟು ಬದಲಾಗುತ್ತದೆ ಎಂಬುದು) ಅಳೆಯುವುದರಿಂದ ಮೇಲು. ಆದರೆ ಅದರ ಮುಳ್ಳು ತೋರಿಸುವ 72 ಶೇಕಡಾವಾರಲ್ಲ. ಆ ವಾಲ್ವಿಗೆ ಕೋಷ್ಟಕದಲ್ಲಿ ಕೊಟ್ಟಿರುವ ಕನಿಷ್ಠ ಅಂಕಿಯ ಪಕ್ಕದಲ್ಲಿಟ್ಟಾಗ ಮಾತ್ರ ಅದಕ್ಕೆ ಅರ್ಥ.

‘ಎನ್‌ಓಎಸ್’ ಎಂದರೆ ಬಳಸದೆ ಉಳಿದ ಹಳೆಯ ದಾಸ್ತಾನು. ‘ಎನ್‌ಓಎಸ್‌ನಷ್ಟೇ ಅಳತೆ’ ಎಂದು ಬರೆದಿದ್ದರೆ ಅದು ಬಹುಪಾಲು ಬಳಸಿದ ವಾಲ್ವ್. ನಮ್ಮ ಜಾಲಹಳ್ಳಿಯ ಬಿಇಎಲ್ ತಯಾರಿಸಿದ ಇಸಿಸಿ83ಗಳನ್ನೂ (ಕ್ಷೀಣ ಸಿಗ್ನಲ್ ಹಿಗ್ಗಿಸುವ ಸಣ್ಣ ವಾಲ್ವ್) ಹೀಗೆ ಮಾರುತ್ತಾರೆ. ಬಳಸಿದ್ದನ್ನು ಕೊಳ್ಳಬಾರದೆಂದಲ್ಲ, ಬೆಲೆ ಅದಕ್ಕೆ ತಕ್ಕಂತಿರಲಿ. ಕ್ಯಾಥೋಡ್ ಸವೆಯುತ್ತ ಬಂದರೂ ಅಳತೆ ಬಹುಕಾಲ ಚೆನ್ನಾಗಿಯೇ ಇರುತ್ತದೆ, ಕೊನೆಗಾಲದಲ್ಲಿ ಕುಸಿಯುತ್ತದೆ. ಕ್ಯಾಥೋಡ್ ಕಾಯಿಸುವ ಹೀಟರಿನ ವೋಲ್ಟೇಜನ್ನು ಶೇ. 10ರಷ್ಟು ಇಳಿಸಿ ಮುಳ್ಳು ಎಷ್ಟು ಬೀಳುತ್ತದೆಂದು ನೋಡಿದ್ದಾರೆಯೇ ಎಂದು ಕೇಳಿ. ಮುಳ್ಳು ತಟ್ಟನೆ ಬಿದ್ದರೆ ಆ ವಾಲ್ವಿನ ಆಯುಸ್ಸು ಮುಗಿಯುತ್ತ ಬಂದಿದೆ.

ಜೋಡಿ ನಿಜಕ್ಕೂ ಬೇಕಾಗುವುದು ಎರಡು ವಾಲ್ವುಗಳು ಎದುರುಬದುರಾಗಿ ದುಡಿಯುವ ಪುಷ್-ಪುಲ್ ಔಟ್‌ಪುಟ್‌ನಲ್ಲಿ, ಅದರಲ್ಲೂ ಎರಡಕ್ಕೂ ಒಂದೇ ಬಯಾಸ್ ತಿರುಪು (ಗ್ರಿಡ್ಡಿನ ಮೈನಸ್ ವೋಲ್ಟ್ ಹೊಂದಿಸುವುದು) ಇರುವಲ್ಲಿ. ಎರಡು ಕಡೆಯ ಕರೆಂಟ್ ಸಮನಾಗಿದ್ದರೆ ಟ್ರಾನ್ಸ್‌ಫಾರ್ಮರ್ ತಿರುಳಿನಲ್ಲಿ ಒಂದರ ಕಾಂತತೆಯನ್ನು ಇನ್ನೊಂದು ಅಳಿಸುತ್ತದೆ. ಇಲ್ಲವಾದರೆ ಗುಂಯ್ ಸದ್ದು ಏರಿ ಮಂದ್ರ ಸೊರಗುತ್ತದೆ. ಆದರೂ ಶೇ. 5ರ ವ್ಯತ್ಯಾಸ ಸಾಕು, ಶೇ. 1ಕ್ಕೆಂದು ದುಬಾರಿ ತೆರಬೇಡಿ: ಹೊಸ ವಾಲ್ವಿನ ಕರೆಂಟ್ ಮೊದಲ ಕೆಲವು ಗಂಟೆಗಳಲ್ಲೇ ಅದಕ್ಕಿಂತ ಹೆಚ್ಚು ಸರಿದಾಡಬಹುದು. ಅಳೆಯುವ ಮುನ್ನ ಒಂದು ದಿನವಾದರೂ ಉರಿಸಿದ್ದಾರೆಯೇ ಎಂಬುದೇ ಹೆಚ್ಚು ಮುಖ್ಯ. ಮೊದಲ ಹಂತದ ಇಸಿಸಿ83ಕ್ಕೆ ಜೋಡಿ ಬೇಕಿಲ್ಲ. ಅಲ್ಲಿ ಗದ್ದಲ ಮತ್ತು ಮೈಕ್ರೊಫೋನಿ (ವಾಲ್ವ್ ತಟ್ಟಿದರೆ ಸ್ಪೀಕರಿನಲ್ಲಿ ಸದ್ದು ಬರುವ ದೋಷ) ಪರೀಕ್ಷಿಸಿದ್ದಕ್ಕೆ ಹಣ ಕೊಡಿ.

ಮನೆಗೆ ತಂದ ಮೇಲೆ ನೀವೇ ನೋಡಿ. ಪ್ರತಿ ಕ್ಯಾಥೋಡಿಗೂ ನೆಲಕ್ಕೂ ನಡುವೆ 1 ಓಮ್ ರೆಸಿಸ್ಟರ್ ಇದ್ದರೆ ಮಲ್ಟಿಮೀಟರಿನ ಮಿಲಿವೋಲ್ಟೇ ಮಿಲಿಆಂಪಿಯರ್. ಸ್ಕ್ರೀನಿನ ಕರೆಂಟೂ ಅದರಲ್ಲಿ ಸೇರಿರುತ್ತದೆ. 36, 38 ಬಂದರೆ ನೆಮ್ಮದಿಯಿಂದ ಹಾಡು ಕೇಳಿ. 30, 42 ಬಂದರೆ ಸ್ವಿಚ್ ಆರಿಸಿ, ವಾಲ್ವುಗಳು ತಣ್ಣಗಾದ ಮೇಲೆ ಅದಲು ಬದಲು ಮಾಡಿ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರುಗಳಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ ಉಳಿದಿರುತ್ತದೆ, ಒಳಗೆ ಕೈ ಹಾಕಬೇಡಿ. ಮತ್ತೆ ಅಳೆದಾಗ 42 ವಾಲ್ವಿನ ಜೊತೆ ಹೋದರೆ ಜೋಡಿಯನ್ನು ಹಿಂದಿರುಗಿಸಿ. ಅದೇ ಸಾಕೆಟ್ಟಿನಲ್ಲಿ ಉಳಿದರೆ ಮಾರಿದವರನ್ನು ದೂರಬೇಡಿ. ಸೋರುತ್ತಿರುವ ಕಪ್ಲಿಂಗ್ ಕೆಪಾಸಿಟರನ್ನೋ (ಹಿಂದಿನ ಹಂತದ ಸಿಗ್ನಲನ್ನು ಗ್ರಿಡ್ಡಿಗೆ ದಾಟಿಸುವುದು) ಬಯಾಸ್ ರೆಸಿಸ್ಟರನ್ನೋ ತಿಳಿದವರ ಕೈಯಲ್ಲಿ ಬದಲಾಯಿಸಿಕೊಳ್ಳಿ.